ಹಳ್ಳಿಯಿಂದಲೇ ಕೆಲಸ ನಡೆಯುತ್ತಿದೆ, ನಡೆಯಲು ಬಿಡಿ

ಸಂಪಾದಕರೇ,

2020ರ ಲಾಕ್‌ಡೌನ್‌ನಲ್ಲಿ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದ ಮಗಳು ಈಗಲೂ ಇಲ್ಲಿಂದಲೇ ಕೆಲಸ ಮಾಡುತ್ತಾಳೆ. ಅಡಿಕೆ ಸುಲಿಯುವ ಜಗುಲಿಯ ಮೂಲೆಯೇ ಅವಳ ಆಫೀಸು. ಈಗ ಕಂಪನಿ ವಾರಕ್ಕೆ ಮೂರು ದಿನ ಬೆಂಗಳೂರಿಗೆ ಬಾ ಎನ್ನುತ್ತಿದೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಒದ್ದಾಡಿ ಹೋಗಿ, ಅಲ್ಲೂ ಹೆಡ್‌ಫೋನ್ ಹಾಕಿಕೊಂಡು ಬೇರೆ ಊರಿನವರ ಜೊತೆ ವಿಡಿಯೊ ಕಾಲ್ ಮಾಡುವುದಾದರೆ ಏನು ಪ್ರಯೋಜನ? 2022ರ ಸೆಪ್ಟೆಂಬರ್ ಮಳೆಗೆ ಹೊರ ವರ್ತುಲ ರಸ್ತೆ ಮುಳುಗಿದಾಗ ಕಂಪನಿಗಳೇ ಮನೆಯಿಂದ ಕೆಲಸ ಮಾಡಿ ಅಂದಿದ್ದವು, ಅಲ್ವಾ? ಹೊಸಬರು ಹಿರಿಯರ ಪಕ್ಕ ಕೂತು ಕಲಿಯಬೇಕು, ಒಪ್ಪುತ್ತೇನೆ. ಉಳಿದವರ ಇಷ್ಟಕ್ಕೆ ಬಿಡಿ. ಸರ್ಕಾರ ಹಳ್ಳಿಗೆ ಕರೆಂಟು, ಇಂಟರ್ನೆಟ್ ಸರಿಯಾಗಿ ಕೊಡಲಿ. ಮೊನ್ನೆ ಮರ ಬಿದ್ದು ತಂತಿ ಹರಿದಾಗ, ಅವಳು ಕೊಡೆ ಹಿಡಿದು ಗುಡ್ಡ ಹತ್ತಿ ಮೊಬೈಲಿನಲ್ಲೇ ಮೀಟಿಂಗ್ ಮುಗಿಸಿದಳು.

– ಒಬ್ಬ ತಾಯಿ, ಸಾಗರ ತಾಲ್ಲೂಕು