ಕೇಳಿದ್ದು 6×2×2, ಕೊಟ್ಟಿದ್ದು 5×1.5×3: ಮೀನಿನ ಟ್ಯಾಂಕಿನ ಅಳತೆ ಬಗ್ಗೆ ದೂರು

ಇವರಿಂದ,
ನಿಮ್ಮ ಗ್ರಾಹಕಿ,
ದಾವಣಗೆರೆ

ಇವರಿಗೆ,
ಅಕ್ವೇರಿಯಂ ಅಂಗಡಿಯ ಮಾಲೀಕರು,
ದಾವಣಗೆರೆ

ವಿಷಯ: ಆರ್ಡರ್ ಕೊಟ್ಟ ಅಳತೆ ಬದಲಾಯಿಸಿ ಮಾಡಿಕೊಟ್ಟ ಟ್ಯಾಂಕನ್ನು ವಾಪಸ್ ತೆಗೆದುಕೊಂಡು, ಸರಿಯಾದ ಅಳತೆಯ ಟ್ಯಾಂಕ್ ಕೊಡುವ ಬಗ್ಗೆ.

ಮಾನ್ಯರೇ,

ಕಳೆದ ನವೆಂಬರ್‌ನಲ್ಲಿ ನಿಮ್ಮಲ್ಲಿ ಒಂದು ದೊಡ್ಡ ಟ್ಯಾಂಕ್ ಮಾಡಿಸಿದೆ. ಟ್ಯಾಂಕ್, ಸ್ಟ್ಯಾಂಡ್, ಫಿಲ್ಟರ್, ಲೈಟ್ ಎಲ್ಲಾ ಸೇರಿ 58,000 ರೂಪಾಯಿ ಕೊಟ್ಟಿದ್ದೇನೆ. ಈ ಏಳು ತಿಂಗಳಲ್ಲಿ ಮೂರು ಸಲ ಅಂಗಡಿಗೆ ಬಂದು ಹೇಳಿದೆ. ಪ್ರತಿ ಸಲವೂ "ನೋಡೋಣ ಅಕ್ಕ, ಹುಡುಗನ್ನ ಕಳಿಸ್ತೀನಿ" ಅಂದಿರಿ. ಹುಡುಗ ಬರಲಿಲ್ಲ. ಅದಕ್ಕೇ ಇವತ್ತು ಕೂತು ಎಲ್ಲವನ್ನೂ ಬರೆಯುತ್ತಿದ್ದೇನೆ.

ನನ್ನ ಹತ್ತಿರ ಎರಡು ಆಸ್ಕರ್ ಮೀನುಗಳಿವೆ. ಎರಡು ಇಂಚಿನ ಮರಿಗಳಾಗಿದ್ದಾಗ ತಂದಿದ್ದು. ಹಳೆಯ ಮೂರು ಅಡಿ ಟ್ಯಾಂಕಿನಲ್ಲಿ ಎಂಟು ಇಂಚು ಬೆಳೆದವು. ಆಸ್ಕರ್ ಒಂದು ಅಡಿವರೆಗೂ ಬೆಳೆಯುತ್ತದೆ ಅಂತ ಗೊತ್ತಿತ್ತು. ಜೊತೆಗೆ ಆರು ಸಿಲ್ವರ್ ಡಾಲರ್ ಮೀನುಗಳೂ ಇದ್ದವು. ಇವೆಲ್ಲ ದೊಡ್ಡದಾದ ಮೇಲೂ ಆರಾಮಾಗಿ ಓಡಾಡಲಿ ಅಂತ ಒಂದು ವರ್ಷ ದುಡ್ಡು ಕೂಡಿಟ್ಟೆ. ಗೋಡೆ ಅಳೆದೆ, ಬಾಗಿಲು ಅಳೆದೆ. ಕಿಟಕಿಗೂ ಬಾಗಿಲಿಗೂ ನಡುವೆ ಏಳು ಅಡಿ ಗೋಡೆ ಇದೆ. 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ ಅಂತ ಹಾಳೆಯಲ್ಲಿ ಚಿತ್ರ ಬರೆದು, ಅಳತೆ ಹಾಕಿ, ನಿಮ್ಮ ಕೈಗೇ ಕೊಟ್ಟೆ. ಅಡ್ವಾನ್ಸ್ 20,000 ಅವತ್ತೇ ಕೊಟ್ಟೆ.

ಎರಡು ವಾರದ ನಂತರ ನಿಮ್ಮ ಫೋನ್ ಬಂತು. "6 ಅಡಿ ಟ್ಯಾಂಕ್ ಬಾಗಿಲಲ್ಲಿ ತಿರುಗಲ್ಲ ಅಕ್ಕ, 5 ಅಡಿ ಮಾಡಿ ಎತ್ತರ ಜಾಸ್ತಿ ಮಾಡೋಣ. ಎತ್ತರ ಇದ್ರೆ ಲುಕ್ ಬರುತ್ತೆ. ನೀರು ಹೆಚ್ಚುಕಮ್ಮಿ ಅಷ್ಟೇ ಹಿಡಿಯುತ್ತೆ" ಅಂದಿರಿ. ನಿಮ್ಮ ಮಾತು ನಂಬಿ ಹೂಂ ಅಂದೆ. ಇಷ್ಟು ವರ್ಷ ಇದೇ ಕೆಲಸ ಮಾಡಿದವರು, ನನಗಿಂತ ಚೆನ್ನಾಗಿ ಗೊತ್ತಿರುತ್ತೆ ಅಂದುಕೊಂಡೆ. ಆದರೆ ಅಗಲ ಎರಡು ಅಡಿಯಿಂದ ಒಂದೂವರೆ ಅಡಿಗೆ ಇಳಿಯುತ್ತೆ ಅನ್ನೋ ಮಾತು ಆ ಫೋನಿನಲ್ಲಿ ಬರಲೇ ಇಲ್ಲ. ಟ್ಯಾಂಕ್ ಮನೆಗೆ ಬಂದು, ಸ್ಟ್ಯಾಂಡ್ ಮೇಲೆ ಕೂತು, ಟೇಪ್ ಹಿಡಿದು ನೋಡಿದಾಗಲೇ ಗೊತ್ತಾಗಿದ್ದು. ಬಾಗಿಲಲ್ಲಿ ತಿರುಗಲ್ಲ ಅಂದಿರಲ್ಲ, ಆರೂವರೆ ಅಡಿ ಬೀರು ಅದೇ ಬಾಗಿಲಲ್ಲಿ ಒಳಗೆ ಬಂದಿದೆ. ಕೂರಿಸಲು ಬಂದ ನಿಮ್ಮ ಹುಡುಗ ಪಾಪ ಸುಳ್ಳು ಹೇಳಲಿಲ್ಲ. "ಬೇರೆಯವರ ಆರ್ಡರ್ ಕ್ಯಾನ್ಸಲ್ ಆಗಿತ್ತು ಅಕ್ಕ, ಈ ಗಾಜು ಕಟ್ ಮಾಡಿ ಇಟ್ಟಿದ್ವಿ" ಅಂದ. ಆ ಹುಡುಗನನ್ನು ಬೈಯಬೇಡಿ. ನಾನು ಕೇಳಿದ್ದಕ್ಕೆ ನಿಜ ಹೇಳಿದ, ಅಷ್ಟೇ.

ನಾನು ಹೊಲಿಗೆ ಕೆಲಸ ಮಾಡುವವಳು. ಅಷ್ಟೇ ಬಟ್ಟೆ ಹಿಡಿಯುತ್ತೆ ಅಂತ ರವಿಕೆಯ ಉದ್ದ ಜಾಸ್ತಿ ಮಾಡಿ ಎದೆಯ ಸುತ್ತಳತೆ ಕಮ್ಮಿ ಮಾಡಿದರೆ ಯಾರಾದರೂ ಹಾಕಿಕೊಳ್ಳೋಕೆ ಆಗುತ್ತಾ? ಟ್ಯಾಂಕಿನದೂ ಅದೇ ಮಾತು. ಲೀಟರ್ ಲೆಕ್ಕದಲ್ಲಿ ನೀವು ಹೇಳಿದ್ದು ಸುಳ್ಳಲ್ಲ. ಒಂದು ಘನ ಅಡಿಗೆ ಸುಮಾರು 28.3 ಲೀಟರ್ ನೀರು. ನಾನು ಕೇಳಿದ ಟ್ಯಾಂಕ್ 24 ಘನ ಅಡಿ, ಅಂದರೆ 680 ಲೀಟರ್. ನೀವು ಕೊಟ್ಟಿದ್ದು ಇಪ್ಪತ್ತೆರಡೂವರೆ ಘನ ಅಡಿ, 637 ಲೀಟರ್. ದೊಡ್ಡ ವ್ಯತ್ಯಾಸ ಅಲ್ಲ. ಆದರೆ ಆಸ್ಕರ್ ಓಡಾಡುವುದು ಅಡ್ಡಡ್ಡ. ಅದಕ್ಕೆ ಬೇಕಾದದ್ದು ಉದ್ದ ಮತ್ತು ಅಗಲ. ಏಂಜಲ್ ಮೀನು, ಡಿಸ್ಕಸ್ ಥರದ ಎತ್ತರ ಮೈಯವಕ್ಕಾದರೆ ಎತ್ತರದ ಟ್ಯಾಂಕ್ ಒಪ್ಪುತ್ತೆ, ಅದನ್ನು ನಾನೂ ಒಪ್ಪುತ್ತೇನೆ. ನನ್ನ ಮನೆಯಲ್ಲಿ ಇರುವುದು ಆಸ್ಕರ್ ಅಂತ ನಿಮಗೆ ಮೊದಲ ದಿನವೇ ಹೇಳಿದ್ದೆ.

ಈಗ ದೊಡ್ಡ ಆಸ್ಕರ್ ಹನ್ನೊಂದು ಇಂಚಿದೆ. ಟ್ಯಾಂಕಿನ ಅಗಲ ಹದಿನೆಂಟು ಇಂಚು. ಅದರಲ್ಲಿ ನೀವೇ ಹಿಂದೆ ಅಂಟಿಸಿಕೊಟ್ಟ ಕಲ್ಲಿನ ಡಿಸೈನಿನ ಬ್ಯಾಕ್‌ಗ್ರೌಂಡ್ ಮೂರು ಇಂಚು ತಿಂದಿದೆ. ಗಾಜಿನ ದಪ್ಪ ಕಳೆದರೆ ಒಳಗೆ ಹದಿನಾಲ್ಕು ಇಂಚು ಉಳಿಯುತ್ತೆ. ಬೆಳಿಗ್ಗೆ ಊಟ ಹಾಕೋಕೆ ಹೋದಾಗ ಅದು ನನ್ನ ಕಡೆ ಬರುತ್ತೆ, ಕೈ ಕಂಡರೆ ಗುರುತು ಹಿಡಿಯುತ್ತೆ. ಬಂದು ತಿಂದು ವಾಪಸ್ ತಿರುಗಬೇಕಲ್ಲ, ಆಗ ಮೈ ಬಿಲ್ಲಿನ ಥರ ಬಗ್ಗುತ್ತೆ. ಬಾಲ ಮುಂದಿನ ಗಾಜಿಗೆ ಉಜ್ಜುತ್ತೆ, ಮೂತಿ ಹಿಂದಿನ ಕಲ್ಲಿಗೆ ತಾಗುತ್ತೆ. ಬಾಲದ ಅಂಚು ಎರಡು ಕಡೆ ಹರಿದಿದೆ, ಮೂತಿಯ ಮೇಲೆ ಬಿಳಿ ಗಾಯ ಆಗಿದೆ. ದೊಡ್ಡ ಮೀನು ಸಾಕುವವರು ಟ್ಯಾಂಕಿನ ಅಗಲ ಕೊನೇ ಪಕ್ಷ ಬೆಳೆದ ಮೀನಿನ ಉದ್ದದ ಒಂದೂವರೆಯಷ್ಟು, ಸಾಧ್ಯವಾದರೆ ಎರಡರಷ್ಟು ಇರಲಿ ಅಂತಾರೆ. ನಾನು ಎರಡು ಅಡಿ ಕೇಳಿದ್ದು ಅದಕ್ಕೇ.

ಗಾಜಿನ ವಿಷಯ ಇದಕ್ಕಿಂತ ಭಯ ಹುಟ್ಟಿಸುತ್ತೆ. ನೀರಿನ ಒತ್ತಡ ಎಷ್ಟು ಲೀಟರ್ ಇದೆ ಅನ್ನೋದರ ಮೇಲೆ ಹೋಗಲ್ಲ, ಎಷ್ಟು ಆಳ ಇದೆ ಅನ್ನೋದರ ಮೇಲೆ ಹೋಗುತ್ತೆ. ನನ್ನ ಮಗಳು ಒಂಬತ್ತನೇ ಕ್ಲಾಸು. ಕೂತು ಲೆಕ್ಕ ಹಾಕಿ ತೋರಿಸಿದಳು, ಅವಳ ಸೈನ್ಸ್ ಮೇಷ್ಟ್ರು ನೋಡಿ ಸರಿ ಅಂದರು. 6 ಅಡಿ ಉದ್ದ, 2 ಅಡಿ ಎತ್ತರದ ಟ್ಯಾಂಕ್ ಅಂಚಿನವರೆಗೆ ತುಂಬಿದ್ದರೆ ಮುಂದಿನ ಗಾಜನ್ನು ನೀರು ಸುಮಾರು 340 ಕೆಜಿ ಭಾರದಷ್ಟು ಬಲದಿಂದ ಹೊರಗೆ ನೂಕುತ್ತೆ. 5 ಅಡಿ ಉದ್ದ, 3 ಅಡಿ ಎತ್ತರ ಆದರೆ ಅದು ಸುಮಾರು 635 ಕೆಜಿ. ನೀರು ಕಮ್ಮಿ, ಗಾಜಿನ ಉದ್ದವೂ ಒಂದು ಅಡಿ ಕಮ್ಮಿ, ಆದರೂ ಒತ್ತುವ ಬಲ ಹತ್ತಿರ ಹತ್ತಿರ ಎರಡರಷ್ಟು! ಆದರೆ ಗಾಜು ಅದೇ 12 ಎಂಎಂ. ಎರಡು ಅಡಿ ಎತ್ತರಕ್ಕೆ 12 ಎಂಎಂ ಹಾಕುವುದು ಸಾಮಾನ್ಯ. ಮೂರು ಅಡಿ ನೀರು ನಿಲ್ಲಿಸುವವರು 15 ಎಂಎಂ, 19 ಎಂಎಂ ಗಾಜು ಹಾಕುತ್ತಾರೆ, ಗಾಜು ಹೊರಗೆ ಬಗ್ಗದಂತೆ ಹಿಡಿಯುವ ಅಡ್ಡ ಪಟ್ಟಿಯನ್ನೂ ಮೇಲೆ ಕೂರಿಸುತ್ತಾರೆ. ನೀವು ಆ ಪಟ್ಟಿಯನ್ನೂ ಹಾಕಿಲ್ಲ.

ಫೆಬ್ರವರಿಯಲ್ಲಿ ಗಾಜಿನಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ ಸೊಟ್ಟ ಕಂಡಿತು. ಅನುಮಾನ ಬಂದು ನನ್ನ ಹೊಲಿಗೆ ಟೇಪ್ ತಂದು ಮೇಲಿನ ಅಂಚಿನಲ್ಲಿ ಅಳೆದೆ. ಎರಡೂ ತುದಿಯಲ್ಲಿ ಸರಿಯಾಗಿ 18 ಇಂಚು. ನಡುವೆ ಹದಿನೆಂಟೂಕಾಲು. ಗಾಜು ಹೊಟ್ಟೆ ಬಿಟ್ಟಿದೆ. ಅದರ ಫೋಟೋ ಅವತ್ತೇ ನಿಮ್ಮ ವಾಟ್ಸಾಪ್‌ಗೆ ಕಳಿಸಿದ್ದೇನೆ. "ಗಾಜು ಸ್ವಲ್ಪ ಬಗ್ಗೋದು ಮಾಮೂಲು" ಅಂತ ಉತ್ತರ ಬಂತು. ಆ ಟ್ಯಾಂಕಿನ ಮುಂದೆಯೇ ನನ್ನ ಅತ್ತೆ ಮಂಚ ಹಾಕಿಕೊಂಡು ಮಲಗುತ್ತಿದ್ದರು. ಅವತ್ತೇ ಮಂಚ ಒಳಗಿನ ಕೋಣೆಗೆ ಸಾಗಿಸಿದೆವು. ನೀರನ್ನು ಎರಡು ಅಡಿ ಎರಡು ಇಂಚಿಗೆ ಇಳಿಸಿದೆ. ಈಗ ಟ್ಯಾಂಕಿನಲ್ಲಿ ಇರುವುದು ಬರೀ 460 ಲೀಟರ್. ಅಂದರೆ ಲೀಟರ್ ಲೆಕ್ಕವೂ ಉಳಿಯಲಿಲ್ಲ.

ಇನ್ನು ಮೇ ತಿಂಗಳ ಆ ರಾತ್ರಿ. ಗುಡುಗು ಮಳೆ ಬಂದು ಹನ್ನೊಂದಕ್ಕೆ ಕರೆಂಟ್ ಹೋಯಿತು. ಅದಕ್ಕೆ ನೀವು ಹೊಣೆ ಅಲ್ಲ. ಎರಡು ಗಂಟೆ ಆಗುವಷ್ಟರಲ್ಲಿ ಎಲ್ಲಾ ಮೀನು ಮೇಲಕ್ಕೆ ಬಂದು ಬಾಯಿ ತೆಗೆದು ತೆಗೆದು ಮುಚ್ಚುತ್ತಿದ್ದವು. ಟಾರ್ಚ್ ಹಿಡಿದರೆ ಎಂಟು ಬಾಯಿ ನೀರಿನ ಮೇಲೆ. ನೀರಿಗೆ ಆಮ್ಲಜನಕ ಸೇರುವುದು ಮೇಲ್ಮೈಯಿಂದ. ಬೇಸಿಗೆಯ ಬಿಸಿ ನೀರಿನಲ್ಲಿ ಮೊದಲೇ ಅದು ಕಮ್ಮಿ. ನಾನು ಕೇಳಿದ ಟ್ಯಾಂಕಿಗೆ ಮೇಲೆ 12 ಚದರ ಅಡಿ ಜಾಗ ಇರುತ್ತಿತ್ತು. ಇದಕ್ಕೆ ಏಳೂವರೆ ಮಾತ್ರ. ಪಂಪ್ ನಿಂತರೆ ಕೆಳಗಿನ ನೀರು ಮೇಲೆ ಬರೋದೂ ಕಷ್ಟ. ನಾನೂ ಮಗಳೂ ಸ್ಟೂಲ್ ಹಾಕಿಕೊಂಡು ಸರದಿ ಮೇಲೆ ಚೊಂಬಿನಲ್ಲಿ ನೀರು ಎತ್ತಿ ಎತ್ತಿ ಸುರಿದೆವು, ಬೆಳಗಿನ ಜಾವ ಐದರವರೆಗೆ. ಎರಡು ಸಿಲ್ವರ್ ಡಾಲರ್ ಉಳಿಯಲಿಲ್ಲ. ಅವನ್ನು ಕೈಯಲ್ಲಿ ಹಿಡಿದು ಮಗಳು ಅತ್ತಿದ್ದು ಈಗಲೂ ಕಣ್ಣ ಮುಂದೆ ಇದೆ.

ಸ್ಟೂಲ್ ಅಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಎರಡೂವರೆ ಅಡಿ ಸ್ಟ್ಯಾಂಡ್ ಮೇಲೆ ಮೂರು ಅಡಿ ಟ್ಯಾಂಕ್. ಅದರ ಬಾಯಿ ನೆಲದಿಂದ ಐದೂವರೆ ಅಡಿ ಮೇಲಿದೆ. ನನ್ನ ಎತ್ತರವೇ 5 ಅಡಿ 2 ಇಂಚು. ಕಂಕುಳಿನಿಂದ ಬೆರಳ ತುದಿವರೆಗೆ ನನ್ನ ಕೈ 25 ಇಂಚು. ಸ್ಟೂಲ್ ಹತ್ತಿ, ಭುಜದವರೆಗೆ ನೀರಲ್ಲಿ ಅದ್ದಿದರೂ ತಳ ಸಿಗಲ್ಲ. ಗಲೀಜು ನೀರು ಎಳೆಯುವ ಸೈಫನ್ ಪೈಪಿಗೆ ಕೋಲು ಕಟ್ಟಿ ತಳದ ಗ್ರಾವೆಲ್ (ಸಣ್ಣ ಕಲ್ಲು) ಕ್ಲೀನ್ ಮಾಡುತ್ತಿದ್ದೇನೆ. ಹಿಂದಿನ ಮೂಲೆಯಲ್ಲಿ ಕೂತ ಗಲೀಜು ಹಾಗೇ ಇರುತ್ತೆ. ಆಸ್ಕರ್ ಎಷ್ಟು ತಿಂದು ಎಷ್ಟು ಗಲೀಜು ಮಾಡುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಮನೆಯಲ್ಲಿ ದಿನಾ ನೋಡಿಕೊಳ್ಳುವವರ ಕೈ ತಳ ಮುಟ್ಟಬೇಕು. ಟ್ಯಾಂಕಿನ ಎತ್ತರ ಗೊತ್ತು ಮಾಡುವಾಗ ಮೊದಲು ಕೇಳಬೇಕಾದ ಪ್ರಶ್ನೆಯೇ ಇದು. ನೀವು ಕೇಳಲಿಲ್ಲ.

ನನಗೆ ಬೇಕಾಗಿರುವುದು ಇಷ್ಟು. ಈ ಟ್ಯಾಂಕನ್ನೂ ಸ್ಟ್ಯಾಂಡನ್ನೂ ವಾಪಸ್ ತೆಗೆದುಕೊಂಡು, ನಾನು ಮೊದಲು ಬರೆದುಕೊಟ್ಟ ಹಾಗೆ 6×2×2 ಟ್ಯಾಂಕ್, 12 ಎಂಎಂ ಗಾಜು, ಮೇಲೆ ಪಟ್ಟಿ ಹಾಕಿ, ಅದಕ್ಕೆ ತಕ್ಕ ಸ್ಟ್ಯಾಂಡ್ ಜೊತೆ ಮಾಡಿಕೊಡಿ. ಹೆಚ್ಚಿಗೆ ದುಡ್ಡು ಕೇಳಬೇಡಿ. ಸ್ಟ್ಯಾಂಡಿನ ತಳಕ್ಕೆ ನಾಲ್ಕು ಕಾಲು ಬೇಡ, ಪೂರ್ತಿ ಫ್ರೇಮ್ ಇರಲಿ. ಈಗಿನ ಸ್ಟ್ಯಾಂಡಿನ ಮುಂದಿನ ಕಾಲಿನ ಕೆಳಗೆ ನಮ್ಮ ಟೈಲ್ಸ್ ಸೀಳು ಬಿಟ್ಟಿದೆ. ಮೀನು ಸಾಗಿಸುವ ದಿನ ಹಳೆಯ ಫಿಲ್ಟರಿನ ಸ್ಪಂಜನ್ನು ಒಣಗೋಕೆ ಬಿಡಬಾರದು, ನಲ್ಲಿ ನೀರಲ್ಲಿ ತೊಳೆಯಲೂಬಾರದು. ಅದರಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಸತ್ತರೆ ಹೊಸ ಟ್ಯಾಂಕಿನಲ್ಲಿ ಮೀನಿನ ಗಲೀಜಿನಿಂದ ಬರುವ ಅಮೋನಿಯಾ ಅನ್ನೋ ವಿಷ ಏರಿ ಉಳಿದ ಮೀನೂ ಹೋಗುತ್ತವೆ. ಹೊಸದು ತಯಾರಾಗುವವರೆಗೆ, ಇದೇ ವಾರ ಒಬ್ಬರನ್ನು ಕಳಿಸಿ ಈ ಟ್ಯಾಂಕಿನ ಮೇಲೆ ಅಡ್ಡ ಪಟ್ಟಿ ಹಾಕಿಸಿ. ಇದಂತೂ ಕಾಯುವ ವಿಷಯ ಅಲ್ಲ.

ಟ್ಯಾಂಕ್ ಬದಲಾಯಿಸಿ ಕೊಡಲು ಆಗಲ್ಲ ಅಂದರೆ ಪೂರ್ತಿ 58,000 ರೂಪಾಯಿ ವಾಪಸ್ ಕೊಡಿ. ಈ ಪತ್ರ ತಲುಪಿದ 15 ದಿನದೊಳಗೆ ಬರವಣಿಗೆಯಲ್ಲಿ ಉತ್ತರ ಬೇಕು. ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ, ಆಮೇಲೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ದೂರು ಕೊಡಲು ಎರಡು ವರ್ಷ ಸಮಯ ಇದೆ, ಐದು ಲಕ್ಷದವರೆಗಿನ ಕೇಸಿಗೆ ಫೀ ಕೂಡ ಇಲ್ಲ. ಇದನ್ನೆಲ್ಲಾ ವಿಚಾರಿಸಿಕೊಂಡೇ ಬರೆಯುತ್ತಿದ್ದೇನೆ. ಆದರೆ ಅಲ್ಲಿಗೆ ಹೋಗೋದು ನನಗೆ ಇಷ್ಟ ಇಲ್ಲ. ನನ್ನ ಮೊದಲ ಮೀನು ತಂದಿದ್ದು ನಿಮ್ಮ ಅಂಗಡಿಯಿಂದಲೇ. ಆಗ ನೀವೇ ಎದುರು ಕೂತು, ನೀರು ಬದಲಾಯಿಸೋದು ಹೇಗೆ ಅಂತ ಅರ್ಧ ಗಂಟೆ ಹೇಳಿಕೊಟ್ಟಿದ್ದಿರಿ.

ಬಿಲ್ಲಿನ ಪ್ರತಿ, ನಾನು ಬರೆದುಕೊಟ್ಟ ಅಳತೆಯ ಹಾಳೆಯ ಫೋಟೋ, ಗಾಜು ಉಬ್ಬಿರುವ ಮತ್ತು ಮೀನಿನ ಬಾಲದ ಫೋಟೋಗಳನ್ನು ಇದರ ಜೊತೆ ಇಟ್ಟಿದ್ದೇನೆ. ಜನ ಕಳಿಸುವ ಹಿಂದಿನ ದಿನ ಫೋನ್ ಮಾಡಿ. ಡ್ರಮ್ಮಿನಲ್ಲಿ ನೀರು ಹಿಡಿದು, ಕ್ಲೋರಿನ್ ಹೋಗಲು ಒಂದು ರಾತ್ರಿ ಏರ್ ಪಂಪ್ ಹಾಕಿ ಇಟ್ಟಿರುತ್ತೇನೆ.

ಇತಿ,
ನಿಮ್ಮ ಗ್ರಾಹಕಿ