ನೂರು ಪುಟದ ಪುಸ್ತಕಗಳನ್ನು ಓದಿಸೋಣ

ಮಾನ್ಯರೇ,

ಯುವಜನರಲ್ಲಿ ಓದು ಕಡಿಮೆಯಾಗುತ್ತಿದೆ ಎಂಬ ವರದಿ ಓದಿದೆ. ದಪ್ಪ ಪುಸ್ತಕ ಕಂಡರೆ ಹಿಂಜರಿಯುವ ಕಾಲೇಜು ಮಕ್ಕಳ ಕೈಗೆ ನಾವು ಒಳ್ಳೆಯ ಕಿರುಕಾದಂಬರಿಗಳನ್ನು ಕೊಡುತ್ತಲೇ ಇಲ್ಲ ಎಂಬುದು ನನ್ನ ಕೊರಗು.

ಜಾನ್ ಸ್ಟೈನ್‌ಬೆಕ್ ಅವರ ‘ಆಫ್ ಮೈಸ್ ಅಂಡ್ ಮೆನ್’ (1937) ನೋಡಿ. ಸುಮಾರು ನೂರು ಪುಟ, ಅಷ್ಟೇ. ಅಮೆರಿಕದ ಆರ್ಥಿಕ ಕುಸಿತದ ದಿನಗಳಲ್ಲಿ ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಕೂಲಿಗಾಗಿ ಅಲೆಯುವವರ ಕಥೆ. ಒಂಟಿತನದ ಬಗ್ಗೆ ಲೇಖಕರು ಭಾಷಣ ಮಾಡುವುದಿಲ್ಲ. ಪಾತ್ರಗಳನ್ನು ಸುಮ್ನೆ ನಮ್ಮ ಮುಂದೆ ನಿಲ್ಲಿಸುತ್ತಾರೆ. ಕಪ್ಪು ವರ್ಣೀಯನೆಂಬ ಕಾರಣಕ್ಕೆ ಲಾಯದ ಪಕ್ಕದ ಕೋಣೆಯಲ್ಲಿ ಒಬ್ಬನೇ ಮಲಗುವ ಕ್ರುಕ್ಸ್‌ಗೆ ಪುಸ್ತಕಗಳಿವೆ, ಮಾತಾಡಲು ಜನರಿಲ್ಲ. ಒಂದು ಕೈ ಕಳೆದುಕೊಂಡ ಮುದುಕ ಕ್ಯಾಂಡಿಯ ನಾಯಿಗೆ ವಯಸ್ಸಾಯಿತೆಂದು ಹೊರಗೆ ಕರೆದೊಯ್ದು ಗುಂಡು ಹೊಡೆಯುತ್ತಾರೆ. ಒಳಗೆ ಎಲ್ಲರೂ ಆ ಸದ್ದಿಗಾಗಿ ಕಾಯುತ್ತಾರೆ. ಆ ಪುಟವನ್ನು ನಾನು ಇಂದಿಗೂ ತಡೆಯಿಲ್ಲದೆ ಓದಲಾರೆ. ಕೆಲಸಕ್ಕೆ ಬಾರದ ದಿನ ತನಗೂ ಇದೇ ಗತಿ ಎಂದು ಕ್ಯಾಂಡಿಗೆ ಗೊತ್ತು. ಮಾಲೀಕನ ಸೊಸೆಗಂತೂ ಕಥೆಯಲ್ಲಿ ಹೆಸರೇ ಇಲ್ಲ.

ಇಂಥ ಪುಸ್ತಕ ಎರಡು ಸಂಜೆಗಳಲ್ಲಿ ಮುಗಿಯುತ್ತದೆ. ಪಾತ್ರಗಳು ಮಾತ್ರ ಜಾಸ್ತಿ ದಿನ ಜೊತೆಗಿರುತ್ತವೆ. ನಮ್ಮಲ್ಲೂ ಕೊರತೆಯಿಲ್ಲ, ಮಾಸ್ತಿಯವರ ‘ಸುಬ್ಬಣ್ಣ’ ಇದೆ ಅಲ್ವಾ?

ತಮ್ಮ ಭಾನುವಾರದ ಪುರವಣಿಯಲ್ಲಿ ತಿಂಗಳಿಗೊಂದು ಕಿರುಕಾದಂಬರಿ ಆರಿಸಿ, ಅದರ ಒಂದು ಪಾತ್ರದ ಬಗ್ಗೆ ವಿದ್ಯಾರ್ಥಿಗಳಿಂದ ಬರೆಸಿ. ಪುಸ್ತಕದ ಹೆಸರನ್ನು ಒಂದು ತಿಂಗಳು ಮೊದಲೇ ಪ್ರಕಟಿಸಿದರೆ ಗ್ರಂಥಾಲಯದಲ್ಲಿ ಹುಡುಕಿ ಓದಲು ಅವರಿಗೆ ಸಮಯ ಸಿಗುತ್ತದೆ.