ಈಜಿಪ್ಟ್ ಪ್ರದರ್ಶನದ ಫಲಕ ಬರೆದ ಪುಣ್ಯಾತ್ಮರು ಯಾರು?

ಮಾನ್ಯರೇ,

ಮೈದಾನದ ಈಜಿಪ್ಟ್ ಪ್ರದರ್ಶನದ ಬಗ್ಗೆ ಸೋಮವಾರದ ವರದಿ ಓದಿದೆ. ಶಾಸಕರು ಟೇಪು ಕತ್ತರಿಸಿದ್ದು, ನಗರಸಭೆ ಅಧ್ಯಕ್ಷರು ಪಕ್ಕದಲ್ಲಿ ನಕ್ಕಿದ್ದು, ‘ವಿದ್ಯಾರ್ಥಿಗಳಿಗೆ ಜ್ಞಾನದ ಹಬ್ಬ’ ಎಂದದ್ದು ಎಲ್ಲ ಬಂದಿದೆ. ಒಳಗಿನ ಫಲಕಗಳನ್ನು ಮಾತ್ರ ನಿಮ್ಮ ವರದಿಗಾರರು ಓದಿದಂತಿಲ್ಲ. ಟೇಪು ಕತ್ತರಿಸಿದವರು ಓದಿಲ್ಲವೆಂಬುದಂತೂ ಖಾತ್ರಿ. ತಲೆಗೆ ನೂರೈವತ್ತು ರೂಪಾಯಿ ಟಿಕೆಟ್. ಹಿಂದಿನ ಗೇಟಿಗೆ ಬೀಗ, ಬಸ್‌ಸ್ಟ್ಯಾಂಡ್ ಕಡೆಯಿಂದ ಬಂದವರು ಚರಂಡಿ ದಾಟಿ ಬಿಸಿಲಲ್ಲಿ ಸಾಲು ನಿಲ್ಲಬೇಕು. ಒಳಗೆ ಫ್ಯಾನಿಲ್ಲ. ಕರೆಂಟು ಹೋದರೆ ಜನರೇಟರ್ ಇರುವುದು ಐಸ್‌ಕ್ರೀಮ್ ಅಂಗಡಿಗೆ ಮಾತ್ರ. ಇದೆಲ್ಲ ನಮಗೆ ರೂಢಿಯಾಗಿದೆ, ಬಿಡಿ. ದುಡ್ಡು ಕೊಟ್ಟು ಸುಳ್ಳು ಓದುವುದು ಇನ್ನೂ ರೂಢಿಯಾಗಿಲ್ಲ.

‘ಹೆಣವನ್ನು 70 ದಿನ ಉಪ್ಪುನೀರಿನಲ್ಲಿ ನೆನೆಹಾಕುತ್ತಿದ್ದರು’ ಎಂದು ಮೊದಲ ಫಲಕವೇ ಸಾರುತ್ತದೆ. ನೆನೆಹಾಕಿದ್ದರೆ ಚರ್ಮ ಸುಲಿದು ಬರುತ್ತಿತ್ತೇ ಹೊರತು ಮಮ್ಮಿ ಆಗುತ್ತಿರಲಿಲ್ಲ. ಬಳಸುತ್ತಿದ್ದದ್ದು ನೇಟ್ರಾನ್ ಎಂಬ ಕ್ಷಾರ: ಸೋಡಿಯಂ ಕಾರ್ಬೊನೇಟ್, ಬೈಕಾರ್ಬೊನೇಟ್, ಜೊತೆಗೆ ಒಂದಿಷ್ಟು ಉಪ್ಪು. ನಮ್ಮ ಚೌಳು ಮಣ್ಣಿನ ಬಿಳಿ ಹೂವಿನ ಜಾತಿಯದೇ. ಈಜಿಪ್ಟಿನ ವಾದಿ ನಟ್ರೂನ್ ತಗ್ಗಿನ ಕೆರೆಗಳು ಬತ್ತಿದಾಗ ದಂಡೆಯಲ್ಲಿ ಹೆಪ್ಪುಗಟ್ಟುವ ಇದನ್ನು ಒಣಗಿದ್ದಂತೆಯೇ ಹಾಕಬೇಕು. ಮೂಗಿನ ಒಳಮೂಳೆ ಒಡೆದು ಕೊಕ್ಕೆಯಿಂದ ಮಿದುಳು ತೆಗೆದು, ಎಡ ಪಕ್ಕೆಯಲ್ಲಿ ಸೀಳಿ ಕರುಳು, ಜಠರ, ಯಕೃತ್ತು, ಶ್ವಾಸಕೋಶ ಹೊರತೆಗೆದು ತೊಳೆದು, ಒಳಗೆ ನೇಟ್ರಾನ್ ತುಂಬಿದ ಬಟ್ಟೆ ಗಂಟುಗಳನ್ನಿಟ್ಟು, ಮೇಲೆ ಇಡೀ ದೇಹ ಮುಚ್ಚುವಷ್ಟು ಒಣ ನೇಟ್ರಾನ್ ರಾಶಿ ಹಾಕುತ್ತಿದ್ದರು. ಅದು ನೀರು ಹೀರುತ್ತದೆ, ಕೊಬ್ಬನ್ನು ಒಡೆಯುತ್ತದೆ. ಇದಕ್ಕೆ ಸುಮಾರು 40 ದಿನ. ಉಳಿದ ದಿನಗಳು ಎಣ್ಣೆ, ರಾಳ, ನಾರುಬಟ್ಟೆಯ ಸುತ್ತು, ಮಂತ್ರ. ಎಲ್ಲ ಸೇರಿ 70. ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ಒಣ ನೇಟ್ರಾನೇ ಸರಿಯೆಂದು ರಸಾಯನಶಾಸ್ತ್ರಜ್ಞ ಆಲ್ಫ್ರೆಡ್ ಲ್ಯೂಕಾಸ್ ತೋರಿಸಿ ಎಷ್ಟೋ ಕಾಲವಾಯಿತು. ಸುದ್ದಿ ನಮ್ಮ ಮೈದಾನಕ್ಕೆ ಇನ್ನೂ ತಲುಪಿಲ್ಲ.

ಈಜಿಪ್ಟಿನವರ ಕೈಯಲ್ಲೂ ಕೆಲಸ ಕೆಡುತ್ತಿತ್ತು, ಅದನ್ನಾದರೂ ಬರೆಯಬಹುದಿತ್ತು. ಎಳೆಯ ರಾಜ ಟುಟಂಖಾಮನ್ ಮೇಲೆ ರಾಳವನ್ನು ಯದ್ವಾತದ್ವಾ ಸುರಿದು ಹೆಣ ಶವಪೆಟ್ಟಿಗೆಗೇ ಅಂಟಿಕೊಂಡಿತ್ತು. 1925ರಲ್ಲಿ, ಅವನ ಸಮಾಧಿ ಪತ್ತೆಹಚ್ಚಿದ ಹೊವರ್ಡ್ ಕಾರ್ಟರ್ ತಂಡದವರು ಅದನ್ನು ಕೆತ್ತಿ ಬಿಡಿಸಬೇಕಾಯಿತು. 21ನೇ ರಾಜವಂಶದ ರಾಣಿ ಹೆನುತ್ತಾವಿಗೆ ಮುಖ ತುಂಬಿಕೊಂಡಂತೆ ಕಾಣಲೆಂದು ಕೆನ್ನೆಯ ಚರ್ಮದಡಿ ಅತಿಯಾಗಿ ತುರುಕಿ ಕೆನ್ನೆಯೇ ಬಿರಿದುಹೋಗಿತ್ತು. ಇದರ ಬದಲು, ರಾಜನ ಸಮಾಧಿ ತೆರೆದವರು ಸಾಯುತ್ತಾರೆಂಬ ‘ಫೇರೋನ ಶಾಪ’ಕ್ಕೆ ಕೆಂಪು ಲೈಟು ಹಾಕಿ ಒಂದು ಡೇರೆಯನ್ನೇ ಮೀಸಲಿಟ್ಟಿದ್ದಾರೆ. ಸಮಾಧಿ ತೆರೆದ ಕಾರ್ಟರ್ ಅದಾಗಿ 16 ವರ್ಷ ಬದುಕಿ 1939ರಲ್ಲಿ ಸತ್ತ. ಶಾಪಕ್ಕೂ ಕಡತ ವಿಲೇವಾರಿ ತಡವಾಯಿತೇನೋ.

ಹೊರತೆಗೆದ ಅಂಗಗಳನ್ನಿಡುವ ನಾಲ್ಕು ಜಾಡಿಗಳಲ್ಲಿ ಒಂದರ ಮೇಲೆ ‘ಹೃದಯ’ ಎಂದು ಚೀಟಿ ಅಂಟಿಸಿದ್ದಾರೆ. ಅವರ ನಂಬಿಕೆಯ ಬುಡವೇ ಹೃದಯ. ಅದನ್ನು ದೇಹದಲ್ಲೇ ಬಿಡುತ್ತಿದ್ದರು, ಏಕೆಂದರೆ ಸತ್ತ ಮೇಲೆ ಸತ್ಯದ ದೇವತೆ ಮಾತ್‌ಳ ಗರಿಯ ಎದುರು ತಕ್ಕಡಿಗೆ ಬೀಳಬೇಕಾದದ್ದು ಅದೇ. ಬರವಣಿಗೆಯ ದೇವರು ಥೋತ್ ಲೆಕ್ಕ ಬರೆಯುತ್ತಾನೆ. ಹೃದಯ ಪಾಪದಿಂದ ಭಾರವಾಗಿದ್ದರೆ ಮೊಸಳೆ ಮೋರೆಯ ರಾಕ್ಷಸಿ ಅಮ್ಮಿತ್ ನುಂಗುತ್ತಾಳೆ. ಜಾಡಿಗಳ ಲೆಕ್ಕ ಬೇರೆ: ಮನುಷ್ಯ ತಲೆಯದರಲ್ಲಿ ಯಕೃತ್ತು, ಬಬೂನ್ ಕೋತಿಯದರಲ್ಲಿ ಶ್ವಾಸಕೋಶ, ನರಿಯದರಲ್ಲಿ ಜಠರ, ಗಿಡುಗದರಲ್ಲಿ ಕರುಳು. ನಾಲ್ಕೇ ನಾಲ್ಕು ಚೀಟಿ, ಅದರಲ್ಲೂ ಮೂರು ಅದಲುಬದಲು!

ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿರುವ ಶಬ್ತಿಗಳಿಗೆ, ಅಂದರೆ ಸಮಾಧಿಯಲ್ಲಿ ಇಡುತ್ತಿದ್ದ ಪುಟ್ಟ ಮೂರ್ತಿಗಳಿಗೆ, ‘ಮಕ್ಕಳ ಗೊಂಬೆಗಳು’ ಎಂದು ಹೆಸರು. ಸತ್ತವರ ಲೋಕದಲ್ಲಿ ಹೊಲ ಉಳಲು, ಮರಳು ಹೊರಲು ಕರೆ ಬಂದಾಗ ಯಜಮಾನನ ಬದಲು ‘ನಾನಿದ್ದೇನೆ’ ಎಂದು ಎದ್ದು ಹೋಗಬೇಕಾದ ಆಳುಗಳು ಅವು. ಪೂರ್ತಿ ಸೆಟ್ಟಿನಲ್ಲಿ ದಿನಕ್ಕೊಂದರಂತೆ 365 ಆಳು, ಹತ್ತು ಆಳಿಗೊಬ್ಬನಂತೆ ಚಾವಟಿ ಹಿಡಿದ 36 ಮೇಸ್ತ್ರಿ. ಪರಲೋಕದ ಆಡಳಿತವೂ ಇಷ್ಟರಲ್ಲೇ ನಡೆಯುತ್ತಿತ್ತು. ನಮ್ಮ ನಗರಸಭೆಯಲ್ಲಿ ಒಂದು ಚರಂಡಿ ಹೂಳೆತ್ತಲು ಇಬ್ಬರು ಆಳು, ನೋಡಲು ಐವರು ಸಾಹೇಬರು. ಮಳೆಗಾಲ ಮುಗಿದ ಮೇಲೆ.

ಅನ್ನದ ವಿಷಯಕ್ಕೆ ಬರೋಣ. ‘ಈಜಿಪ್ಟಿನವರ ಗೋಧಿ’ ಎಂದು ಬ್ರೆಡ್ ಗೋಧಿಯ ತೆನೆ ಅಂಟಿಸಿದ್ದಾರೆ. ಅವರು ತಿಂದದ್ದು ಎಮ್ಮರ್, ಅಂದರೆ ವಿಜಯಪುರ, ಬೆಳಗಾವಿ ಕಡೆ ಈಗಲೂ ಬೆಳೆಯುವ ಜವೆ ಗೋಧಿಯ ಜಾತಿ. ಬಡಿದರೆ ಹೊಟ್ಟು ಬಿಡುವುದಿಲ್ಲ. ತುಸು ನೀರು ಚಿಮುಕಿಸಿ ಒರಳಲ್ಲಿ ಕುಟ್ಟಿ, ಒಣಗಿಸಿ, ತೂರಿ, ಜರಡಿ ಹಿಡಿದು, ಆಮೇಲೆ ಮಂಡಿಯೂರಿ ಕಲ್ಲಿನ ಮೇಲೆ ಅರೆಯಬೇಕು. ಹಿಟ್ಟಿಗೆ ಕಲ್ಲುಪುಡಿಯೂ ಗಾಳಿಯ ಮರಳೂ ಸೇರಿ ರಾಜನಿಂದ ಕೂಲಿಯವರೆಗೆ ಎಲ್ಲರ ಹಲ್ಲೂ ಸವೆದಿವೆ. ‘ಹಳಸಿದ ರೊಟ್ಟಿ ಹಿಂಡಿ ಬಿಯರ್ ಮಾಡುತ್ತಿದ್ದರು’ ಎಂಬುದು ಇನ್ನೊಂದು ರತ್ನ. ಮಡಕೆಗಳ ತಳದ ಗಸಿಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಸಂಶೋಧಕಿ ಡೆಲ್ವಿನ್ ಸ್ಯಾಮುಯೆಲ್ 1996ರಲ್ಲೇ ಬೇರೆ ವಿಧಾನ ತೋರಿಸಿದ್ದಾರೆ. ಧಾನ್ಯದ ಒಂದು ಪಾಲನ್ನು ಬೇಯಿಸಿ, ಇನ್ನೊಂದು ಪಾಲನ್ನು ಮೊಳಕೆ ಬರಿಸಿ ಬೇಯಿಸದೆ ನುಚ್ಚುಮಾಡಿ, ಎರಡನ್ನೂ ಬೆರೆಸುವುದು. ಮೊಳಕೆಯ ಕಿಣ್ವ ಬೆಂದ ಪಿಷ್ಟವನ್ನು ಸಕ್ಕರೆಯಾಗಿಸುತ್ತದೆ. ಮೊಳಕೆಯನ್ನೂ ಬೇಯಿಸಿಬಿಟ್ಟರೆ ಕಿಣ್ವ ಸತ್ತು ಬರೀ ಗಂಜಿ ಉಳಿಯುತ್ತದೆ.

‘ಗುಲಾಮರು ಕಟ್ಟಿದ ಪಿರಮಿಡ್’ ಫಲಕದ ಎದುರು ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದವು. ಕಡ್ಡಾಯ ದುಡಿಮೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ 2013ರಲ್ಲಿ ಕೆಂಪು ಸಮುದ್ರದ ದಂಡೆಯ ವಾದಿ ಅಲ್ ಜರ್ಫ್‌ನಲ್ಲಿ ಸಿಕ್ಕಿದ ಮೇರರ್ ಎಂಬ ಮೇಸ್ತ್ರಿಯ ದಿನಚರಿಯಲ್ಲಿ ರಾಜ ಖುಫುವಿನ ಮಹಾ ಪಿರಮಿಡ್ಡಿಗೆ ತುರಾ ಕಲ್ಲುಗಣಿಯಿಂದ ದೋಣಿಯಲ್ಲಿ ಸುಣ್ಣಕಲ್ಲು ಸಾಗಿಸಿದ್ದು, ತನ್ನ ತಂಡದ ಸರದಿ ಎಲ್ಲ ದಿನವಹಿ ಇದೆ. ಅದಾಗಿ ಸಾವಿರ ವರ್ಷಕ್ಕೂ ಈಚೆ, ರಾಜರ ಸಮಾಧಿ ಕೊರೆಯುವವರ ಊರಾದ ದೇರ್ ಎಲ್ ಮದೀನಾದ ಕೆಲಸಗಾರರಿಗೆ ತಿಂಗಳಿಗೆ ತಲಾ 4 ಖಾರ್ ಎಮ್ಮರ್, ಒಂದೂವರೆ ಖಾರ್ ಬಾರ್ಲಿ ಪಡಿ. ಖಾರ್ ಎಂದರೆ ಸುಮಾರು 76 ಲೀಟರ್. ರಾಜ ಇಮ್ಮಡಿ ರಾಮ್ಸೆಸ್‌ನ ಆಳ್ವಿಕೆಯ 40ನೇ ವರ್ಷದ ಅಲ್ಲಿನ ಹಾಜರಿ ಕಲ್ಲು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಗೈರಾದವರ ಹೆಸರು, ತಾರೀಖು, ಮೇಲೆ ಕೆಂಪು ಶಾಯಿಯಲ್ಲಿ ಕಾರಣ: ಚೇಳು ಕಡಿದಿದೆ, ಕಣ್ಣುಬೇನೆ, ಬಿಯರ್ ಕಾಯಿಸುತ್ತಿದ್ದಾನೆ. ನಗರಸಭೆಯ ಬಯೊಮೆಟ್ರಿಕ್ ಯಂತ್ರ ಕೆಟ್ಟು ಯಾವ ಕಾಲವಾಯಿತು? ಅವರಿಗೆ ಒಂದು ಕಲ್ಲಾದರೂ ಕೊಡಿಸಿ.

ಪಡಿ ತಡವಾದಾಗ ಅದೇ ಊರಿನ ಕೆಲಸಗಾರರು ಮುಮ್ಮಡಿ ರಾಮ್ಸೆಸ್‌ನ 29ನೇ ವರ್ಷ, ಕ್ರಿ.ಪೂ. 1157ರ ಸುಮಾರಿಗೆ, ಉಪಕರಣ ಕೆಳಗಿಟ್ಟು ಕಾವಲು ಗೋಡೆ ದಾಟಿ ದೇವಾಲಯದ ಹಿಂದೆ ಧರಣಿ ಕೂತರು. ಬಟ್ಟೆಯಿಲ್ಲ, ಎಣ್ಣೆಯಿಲ್ಲ, ಮೀನಿಲ್ಲ, ತರಕಾರಿಯಿಲ್ಲ, ಫೇರೋಗೆ ಬರೆದು ತಿಳಿಸಿ ಎಂದರು. ಗುಮಾಸ್ತ ಅದನ್ನು ಬರೆದಿಟ್ಟದ್ದರಿಂದ ಇಟಲಿಯ ಟುರಿನ್‌ನಲ್ಲಿರುವ ಪಪೈರಸ್ ಹಾಳೆಯಲ್ಲಿ ಇಂದಿಗೂ ಓದಬಹುದು. ಇಡೀ ಪ್ರದರ್ಶನದಲ್ಲಿ ಇದರ ಬಗ್ಗೆ ಒಂದು ಸಾಲಿಲ್ಲ. ಪೌರಕಾರ್ಮಿಕರ ಸಂಬಳ ಬಾಕಿ ಇಟ್ಟುಕೊಂಡವರು ಉದ್ಘಾಟಿಸುವ ಕಡೆ ಇರುವುದಾದರೂ ಹೇಗೆ? ಆ ಬಾಕಿಯ ಬಗ್ಗೆ ಹೋದ ವರ್ಷ ಕೊಟ್ಟ ಮನವಿಗೆ ಸ್ವೀಕೃತಿ ಕೂಡ ಬಂದಿಲ್ಲ.

ಕೊನೆಯ ಫಲಕ ‘ಪಿರಮಿಡ್ ಕಾಲದ ಕನ್ನಡ ನಾಟಕ’. ಭಾಷಾಭಿಮಾನ ಸರಿ. ಆದರೆ ಅದು ಹೇಳುವ ನಾಟಕ, ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದ ಪಪೈರಸ್ 413, ರೋಮನ್ನರ ಕಾಲದ್ದು, ಕ್ರಿ.ಶ. 2ನೇ ಶತಮಾನದ ಗ್ರೀಕ್ ಪ್ರಹಸನ. ಖುಫುವಿಗೂ ಅದಕ್ಕೂ ಎರಡೂವರೆ ಸಾವಿರ ವರ್ಷಕ್ಕೂ ಹೆಚ್ಚಿನ ಅಂತರ. ಅದರಲ್ಲಿನ ಮಾತು ಕನ್ನಡವೇ ಎಂದು ಜರ್ಮನ್ ಶಾಸನತಜ್ಞ ಹುಲ್ಟ್ಶ್ ಮತ್ತು ಮೈಸೂರಿನ ವಿದ್ವಾಂಸ ಶಾಮಾಶಾಸ್ತ್ರಿಗಳು ವಾದಿಸಿದ್ದು ನಿಜ, ಒಪ್ಪದ ವಿದ್ವಾಂಸರೂ ಇದ್ದಾರೆ.

ಆದ್ದರಿಂದ ಫಲಕಗಳನ್ನು ಕೂಡಲೇ ತಿದ್ದಿಸಬೇಕು, ಇಲ್ಲವೇ ಟಿಕೆಟ್ ದುಡ್ಡು ವಾಪಸ್ ಕೊಡಿಸಬೇಕು. ಪೌರಕಾರ್ಮಿಕರ ಬಾಕಿಯನ್ನೂ ಕೊಡಬೇಕು. ಶಾಲೆಗಳು ಮಕ್ಕಳನ್ನು ಬಸ್ಸು ತುಂಬಿಸಿ ಕಳಿಸುವ ಮುನ್ನ ಮೇಷ್ಟ್ರುಗಳು ಒಮ್ಮೆ ಪುಸ್ತಕ ಬಿಡಿಸಿ ನೋಡಬೇಕು. ಒಟ್ಟಿನಲ್ಲಿ ಸಂಬಂಧಪಟ್ಟವರು ಇನ್ನಾದರೂ ಎಚ್ಚೆತ್ತುಕೊಳ್ಳಲಿ, ಸಂಬಂಧಪಟ್ಟವರು ಯಾರೆಂದು ಅವರಿಗೇ ಗೊತ್ತಿದ್ದರೆ.

– ಇತಿಹಾಸದ ನಿವೃತ್ತ ಅಧ್ಯಾಪಕ